ಶುಕ್ರವಾರದ ಖಾಲಿ ಕುರ್ಚಿ

ಸುಮಿತ್ರಾ ಮೇಡಂ ಖಾಲಿ ಕುರ್ಚಿಗೂ ಚಹಾ ತರಿಸುತ್ತಿದ್ದರು.

ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿ ನೆರವು ಕೇಂದ್ರವನ್ನು ನೋಡಿಕೊಳ್ಳುತ್ತಿದ್ದವರು ಅವರು. ಭಾಷೆ, ಜಾತಿ, ಊರು ಹಿಡಿದು ಯಾರಾದರೂ ಆಡಿಕೊಂಡರೆ, ಸಭೆಗೆ ಜಾಗ ಸಿಗದಿದ್ದರೆ, ಅಂಟಿಸಿದ ಪೋಸ್ಟರ್ ಹರಿದುಹಾಕಿದರೆ ಎಲ್ಲರೂ ಓಡುತ್ತಿದ್ದದ್ದು ಅವರ ಹತ್ತಿರಕ್ಕೇ. ಶುಕ್ರವಾರ ಸಂಜೆ ಅಲ್ಲಿ ಮುಕ್ತ ಮಾತಿನ ಸಭೆ. ಯಾರು ಏನು ಬೇಕಾದರೂ ಹೇಳಬಹುದು, ನಡುವೆ ಬಾಯಿ ಹಾಕುವಂತಿಲ್ಲ. ದುಂಡಗೆ ಹಾಕಿದ ಕುರ್ಚಿಗಳಲ್ಲಿ ಒಂದು ಮಾತ್ರ ಯಾವಾಗಲೂ ಖಾಲಿ. ಅದರ ಮುಂದಿನ ಸ್ಟೂಲಿನ ಮೇಲೆ ಒಂದು ಕಟಿಂಗ್, ಅಂದರೆ ಅರ್ಧ ಗ್ಲಾಸು ಚಹಾ.

"ಒಳಗೆ ಬರೋಕೆ ಧೈರ್ಯ ಸಾಲದೆ ಹೊರಗೇ ನಿಂತಿರ್ತಾರಲ್ಲ, ಅವರಿಗೆ ಕಣಮ್ಮ," ಎನ್ನುತ್ತಿದ್ದರು.

ಕೊನೆಗೆ ಆ ಕುರ್ಚಿಯ ಸರದಿ. ಎಲ್ಲರೂ ಸುಮ್ಮನಾಗಬೇಕು. ಮೇಡಂ ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ, "ಹ್ಞೂಂ, ಹೇಳಮ್ಮ," ಅನ್ನುವರು. ಸ್ವಲ್ಪ ಹೊತ್ತಿಗೆ, ಏನನ್ನೋ ಕೇಳಿಸಿಕೊಂಡವರ ಹಾಗೆ ತಲೆದೂಗುವರು. ಅಯ್ಯೋ, ನನಗಂತೂ ಮೈ ಜುಮ್ಮೆನ್ನುತ್ತಿತ್ತು. ಎದ್ದು ಹೋಗುವಾಗ ನೋಡಿದರೆ ಆ ಗ್ಲಾಸು ಖಾಲಿ!

ಚಹಾ ತರುವ ಪವಾರ್ ಮೇಲೆ ನಮಗೆಲ್ಲ ಅನುಮಾನ. ಅವನು ಗಂಟಲು ಮುಟ್ಟಿಕೊಂಡು, "ಆಯಿಶಪ್ಪತ್, ಮೈ ನಹೀ ಪಿಯಾ!" ಎಂದು, ತಾನು ಕುಡಿದೇ ಇಲ್ಲವೆಂದು ತಾಯಿಯ ಆಣೆ ಇಡುತ್ತಿದ್ದ. ಮೇಡಂ ನಗುತ್ತಿದ್ದರು. ಅವರ ಗ್ಲಾಸಿನಲ್ಲಿ ಮಾತ್ರ ಪ್ರತಿಸಲ ಒಂದು ಗುಟುಕು ಉಳಿದಿರುತ್ತಿತ್ತು. ಪರ್ಸಿನಿಂದ ಲವಂಗ ತೆಗೆದು, ಕಚ್ಚಿ, ಚಹಾಕ್ಕೆ ಹಾಕಿಕೊಳ್ಳುವರು. ಕೊನೆಯ ಗುಟುಕನ್ನು ಆ ಲವಂಗದ ಜೊತೆ ಹಾಗೇ ಬಿಟ್ಟುಬಿಡುವರು.

"ಇದೆಂಥಾ ಚಟ ರೀ ಮೇಡಂ?" ಎಂದು ನಾನು ಕೇಳಿದರೆ, "ಕಚ್ಚಿದ್ರೇನೇ ಅದು ಖಾರ ಬಿಡೋದು," ಎನ್ನುವರು.

ನಾನು ಅವರ ಬಳಿ ಹೋದದ್ದು ಒಂದು ವಿಡಿಯೋದಿಂದಾಗಿ. ಕಲಬುರಗಿ ಕಡೆಯ ಹಳ್ಳಿಯಲ್ಲಿ ಓದಿ, ಕಟ್ಟಡ ಕೆಲಸದ ಅಪ್ಪ-ಅವ್ವ ಇದ್ದ ಧಾರಾವಿಗೆ ಬಂದು ಕಾಲೇಜು ಸೇರಿದವಳು ನಾನು. ಕ್ಲಾಸಿನಲ್ಲಿ ನಾನು ಹಿಂದಿಯಲ್ಲಿ ತಡವರಿಸಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಗ್ರೂಪಿಗೆ ಹಾಕಿದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಮೌಖಿಕ ಪರೀಕ್ಷೆ ಹತ್ತಿರ ಬರುತ್ತಿತ್ತು. ಅಲ್ಲಿ ಬಾಯಿ ಬಿಡದಿದ್ದರೆ ಫೇಲು, ಫೇಲಾದರೆ ಓದು ಅಲ್ಲಿಗೇ ಮುಗಿದ ಹಾಗೆ.

"ನಂಗ ಮಾತಾಡ್ಲಾಕ ಆಗಂಗಿಲ್ರೀ. ಕಾಲೇಜ್ ಬಿಡ್ತೀನ್ರೀ," ಎಂದು ಅತ್ತೆ.

ಮೇಡಂ ಇದೇ ಶಹರದ ಮುಲುಂಡಿನವರು, ಮೂಲ ಮೈಸೂರು. "ನಿನ್ನ ಕನ್ನಡದಲ್ಲೇ ಹೇಳಮ್ಮ, ನಕ್ಕೋರ ಮುಂದೇನೇ ಹೇಳು. ಹಿಂದೀಲಿ ತಿಳಿಸೋಕೆ ನಾನಿದೀನಲ್ಲ. ಕಾಯ್ತೀನಿ," ಎಂದರು.

ಶುಕ್ರವಾರಗಳು ಬಂದವು, ಹೋದವು. ಸರದಿ ಬಂದಾಗಲೆಲ್ಲ ತಲೆ ತಗ್ಗಿಸಿದೆ. ಅವರು ಒತ್ತಾಯ ಮಾಡಲಿಲ್ಲ.

ಪರೀಕ್ಷೆಗೆ ಮುಂಚೆಯೇ ಮೇಡಂ ಹೃದಯಾಘಾತವಾಗಿ ಹೋಗಿಬಿಟ್ಟರು. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಕಾಯ್ತೀನಿ ಅಂದವರು ಹೀಗೆ ಮಾಡುವುದೇ?

ಆ ಶುಕ್ರವಾರ ಅವರ ನೆನಪಿಗೆಂದು ಸೇರಿದೆವು. ವಿಡಿಯೋ ನೋಡಿ ನಕ್ಕವರೂ ಬಂದಿದ್ದರು. ಪವಾರ್ ಅಭ್ಯಾಸಬಲದಿಂದ ಖಾಲಿ ಕುರ್ಚಿಯ ಮುಂದೆ ಕಟಿಂಗ್ ಇಟ್ಟು ಬಾಗಿಲ ಬಳಿ ಹೋಗಿ ನಿಂತ. ಕುರ್ಚಿಯ ಸರದಿ ಬಂತು. ಎಲ್ಲರೂ ತಲೆ ಬಾಗಿಸಿ ಸುಮ್ಮನಾದರು. ಫ್ಯಾನು ಕಿರುಗುಟ್ಟುತ್ತಿತ್ತು.

"ಹ್ಞೂಂ, ಹೇಳಮ್ಮ."

ಬೆಚ್ಚಿ ಸುತ್ತ ನೋಡಿದೆ. ಯಾರೂ ತಲೆ ಎತ್ತಿರಲಿಲ್ಲ. ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ.

ಎದ್ದು ನಿಂತು, "ನಾ ಮಾತಾಡ್ತೀನ್ರೀ," ಎಂದೆ. ಆ ವಿಡಿಯೋ, ನನ್ನ ಅವಮಾನ, ಮೇಡಂ ಮೇಲಿನ ಸಿಟ್ಟು ಎಲ್ಲವನ್ನೂ ನಮ್ಮೂರ ಕನ್ನಡದಲ್ಲೇ ಹೇಳಿದೆ. ಹಿಂದಿ ಮಾಡಿ ಹೇಳುವವರಿರಲಿಲ್ಲವಲ್ಲ, ಮತ್ತೆ ಮೊದಲಿನಿಂದ ನನ್ನ ಮುರುಕು ಹಿಂದಿಯಲ್ಲೇ ಹೇಳಿದೆ. ಯಾರೂ ನಗಲಿಲ್ಲ. ಅದೇ ಬಾಯಿಂದ ಮರುವಾರ ಪರೀಕ್ಷೆಯನ್ನೂ ಪಾಸು ಮಾಡಿದೆ.

ಆದರೆ ಅಂದು ಸಭೆ ಮುಗಿದ ಮೇಲೆ ಗ್ಲಾಸು ಎತ್ತಲು ಬಂದ ಪವಾರ್ ಖಾಲಿ ಕುರ್ಚಿಯ ಮುಂದೆ ನಿಂತುಬಿಟ್ಟ. "ದೇಖೋ ನಾ ದೀದಿ," ಎಂದು ಕರೆದ. ಹೋಗಿ ಬಗ್ಗಿ ನೋಡಿದೆ.

ಗ್ಲಾಸಿನಲ್ಲಿ ಒಂದು ಗುಟುಕು ಚಹಾ ಉಳಿದಿತ್ತು. ತಳದಲ್ಲಿ, ಕಚ್ಚಿದ ಲವಂಗ.