ಯಾರೂ ಕೇಳಲಿಲ್ಲ ಎಂದೆ

ಅಕ್ಕನಿಗೆ ನಾನು ಸುಳ್ಳು ಹೇಳಿದೆ — ನನ್ನನ್ನು ಯಾರೂ ಕೇಳಲೇ ಇಲ್ಲ ಎಂದು. ಕೇಳಿದ್ದರು.

ಅಕ್ಕನನ್ನು ಆಸ್ಪತ್ರೆಗೆ ಸೇರಿಸಿದ ಆ ದಿನ ಏನೇನು ಕೆಡಬಹುದು ಎಂಬುದನ್ನೆಲ್ಲ ಮೊದಲೇ ಯೋಚಿಸಿಟ್ಟಿದ್ದೆ. ನನಗೆ ಚೆನ್ನಾಗಿ ಬರುವ ಕಸುಬು ಅದೊಂದೇ. ಡಾಕ್ಟರು 'ನೀನ್ಯಾವನಯ್ಯ?' ಎನ್ನಬಹುದು. ಅಕ್ಕನ ಗಂಡನ ಮನೆಯವರು ಹಂಗಳದಿಂದ ಜನ ಕಟ್ಟಿಕೊಂಡು ಬಂದು ಜಗಳ ತೆಗೆಯಬಹುದು. ಹೊಸದಾಗಿ ಕೊಂಡ ಮೊಬೈಲಿನ ಚಾರ್ಜು ಮುಗಿಯಬಹುದು. ಚಾಮರಾಜನಗರದಿಂದ ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿರಬಹುದು. ನಾನೇ ತಲೆಸುತ್ತಿ ಬಿದ್ದು ಪಕ್ಕದ ಮಂಚ ಸೇರಬಹುದು. ಇದ್ಯಾವುದೂ ಆಗಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಂಗಳದಲ್ಲಿ ಮೈದುನ ಶಿವಣ್ಣನ ಸಂಸಾರದ ಜೊತೆಗಿದ್ದಳು. ಕಾಲಿನ ಹುಣ್ಣು ಮಾಯದೆ ಹೋದಾಗ ಒಂದು ಮಧ್ಯಾಹ್ನ, ಶಿವಣ್ಣನ ಎದುರಿಗೇ, ಅವರೆಕಾಯಿ ಸುಲಿಯುತ್ತಾ ಹೇಳಿದಳು:

"ಕಾಲು ಕುಯ್ಯೋಕೆ ಬುಡಬ್ಯಾಡ ಕಣ್ಲಾ. ಸತ್ರೆ ಸಾಯ್ತೀನಿ. ಇತ್ತಲಿಗೆ ಓಗೋಕೂ ಇನ್ನೊಬ್ರು ಎತ್ಕೋಬೇಕು ಅಂದ್ರೆ ನಂಗಾಗಕಿಲ್ಲ. ಗ್ಯಾನ ತಪ್ಪುದ್ರೆ ನನ್ ಬದ್ಲು ನೀನೇ ಮಾತಾಡ್ಬೇಕು."

"ನಾನಾ? ಶಿವಣ್ಣ ಅವ್ನಲ್ಲಕ್ಕ?"

"ಅವಂದು ಎಂಗರುಳು. ನೀನು ಎದ್ರುಪುಕ್ಲ. ಕೊಟ್ಟ ಮಾತು ತಪ್ಪಕೂ ಎದ್ರುಕೊಳ್ತೀಯ."

"ಸರ್ಯಾಗಿ ಆರಿಸ್ದೆ ಬುಡು ಅತ್ಗೆಮ್ಮ" ಎಂದು ಶಿವಣ್ಣ ನಕ್ಕ. ನಾನೂ ನಕ್ಕೆ; ಮಾತು ಕೊಟ್ಟೆ.

ಗುಂಡ್ಲುಪೇಟೆಯ ನರ್ಸಿಂಗ್ ಹೋಮಿಗೆ ನಾನು ತಲುಪಿದಾಗ ಅಕ್ಕನಿಗೆ ಪ್ರಜ್ಞೆ ಇರಲಿಲ್ಲ. ನಂಜು ಏರುತ್ತಿದೆ, ಮಂಡಿಯ ಕೆಳಗೆ ತೆಗೆಯದಿದ್ದರೆ ಜೀವ ಉಳಿಯುವುದು ಕಷ್ಟ ಎಂದರು ಡಾಕ್ಟರು. ಇವರ ಪರವಾಗಿ ಹೇಳುವವರು ಯಾರು ಎಂದು ಕೇಳಿದರು — ಬಹಳ ಮರ್ಯಾದೆಯಿಂದಲೇ. ಶಿವಣ್ಣ ಪಕ್ಕಕ್ಕೆ ಸರಿದು ನನ್ನನ್ನು ಮುಂದಕ್ಕೆ ಬಿಟ್ಟ.

"ಅತ್ಗೆಮ್ಮ ಇವ್ರಿಗೇ ಏಳವ್ರೆ ಡಾಕ್ಟ್ರೇ. ಏನ್ ಮಾಡ್ಬೇಕು ಅಂತ ಏಳಿ ಬಾವ."

ಬೇಡ ಎಂದರೆ ಅಕ್ಕನನ್ನು ಕೊಂದವನಾಗುತ್ತೇನೆ. ತೆಗೆಯಿರಿ ಎಂದರೆ — ಎದ್ದ ಮೇಲೆ ಅವಳ ಮುಖ... ನಮ್ಮ ಕಡೆ, ಮದುವೆ ಮಾಡಿ ಕೊಟ್ಟ ಹೆಣ್ಣಿನ ವಿಷಯದಲ್ಲಿ ತವರಿನವರು ಒಂದು ಹೆಜ್ಜೆ ಹಿಂದೆ ನಿಲ್ಲುವುದು ವಾಡಿಕೆ. ಯಾವ ವಾಡಿಕೆಗೂ ಅಷ್ಟಾಗಿ ತಲೆಬಾಗದ ನನಗೆ ಆ ಗಳಿಗೆಯಲ್ಲಿ ಅದು ವೇದವಾಗಿ ಕಂಡಿತು.

"ನಾವು ತವರ್ನೋರು ಶಿವಣ್ಣ. ನಿಮ್ಮನೆಗೆ ಸೇರಿದೋಳು. ನೀವೇ ಏಳಿ."

ಶಿವಣ್ಣ ನನ್ನನ್ನೇ ನೋಡಿದ. ಆಮೇಲೆ ಡಾಕ್ಟರ ಕಡೆ ತಿರುಗಿ, "ತಗೀರಿ. ಜೀವ ಒಂದು ಉಳಿಸ್ಕೊಡಿ" ಎಂದ.

ಅಕ್ಕ ಉಳಿದಳು. ಎಚ್ಚರವಾದಾಗ ಹೊದಿಕೆಯ ಮೇಲೆ ಕೈಯಾಡಿಸಿ, "ಏನ್ಲಾ ಮಾಡ್ಬುಟ್ಟೆ?" ಎಂದಳು. ನನ್ನ ಚಿಂತೆಗಳ ಪೈಕಿ ಒಂದು ಆಗ ಕೆಲಸಕ್ಕೆ ಬಂತು: "ನಾನು ಬರೋಷ್ಟ್ರಲ್ಲಿ ಎಲ್ಲ ಮುಗ್ದಿತ್ತು ಕಣಕ್ಕ. ನನ್ನ ಯಾರೂ ಕೇಳ್ಲೇ ಇಲ್ಲ."

ಅಂದಿನಿಂದ ಸಾಯುವವರೆಗೂ ಅವಳು ಶಿವಣ್ಣನೊಡನೆ ಮಾತಾಡಲಿಲ್ಲ. ಜಗಳವಿಲ್ಲ, ಬೈಗುಳವಿಲ್ಲ. ಅವನೂ ಅವನ ಹೆಂಡತಿಯೂ ದಿನಾ ಹಿತ್ತಲಿಗೆ ಎತ್ತಿಕೊಂಡು ಹೋಗುವಾಗ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಒಂದು ಸಲ, ನಿಜ ಹೇಳಿಯೇ ಬಿಡಬೇಕೆಂದು ಹಂಗಳಕ್ಕೆ ಹೋದೆ. ಜಗಲಿಯಲ್ಲೇ ಶಿವಣ್ಣ ತಡೆದ. "ಬ್ಯಾಡಿ ಬಾವ. ತವರು ಅಂತ ಅವ್ರಿಗಿರೋದು ನೀವೊಬ್ರೇ. ಅದ್ನೂ ಇಲ್ದಂಗೆ ಮಾಡ್ಬ್ಯಾಡಿ. ನನ್ಮ್ಯಾಲೆ ಕ್ವಾಪ ಇದ್ರೆ ಇರ್ಲಿ."

ಅವನ ದೊಡ್ಡತನ ಅದು. ನಾನು ಒಂದು ಮಾತಿಗಾದರೂ ಎದುರಾಡಬಹುದಿತ್ತು — ಆಡಲಿಲ್ಲ. ಅವನು ತಡೆಯಲಿ ಎಂದೇ ಜಗಲಿಯಲ್ಲಿ ಅಷ್ಟು ಹೊತ್ತು ನಿಂತಿದ್ದೆನೇನೋ.

ಒಳಗೆ ಹೋದೆ. ಅಕ್ಕ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈ ಹಿಡಿದಳು. ಹೊರಗಿದ್ದ ಶಿವಣ್ಣನಿಗೆ ಕೇಳಲೆಂದೇ ದನಿ ಎತ್ತರಿಸಿ, "ಏನೇ ಆಗ್ಲಿ, ಒಡವುಟ್ದೋನು ಒಡವುಟ್ದೋನೇ ಕಣ್ಲಾ" ಎಂದಳು.

ನಾನು ಹೂಂ ಎಂದೆ.