ಗಂಗಕ್ಕನ ತಂಬಿಗೆ

ಕಳೆದ ವಾರ ಬೈಲಹೊಂಗಲದಲ್ಲಿ ನಮ್ಮ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪರೀಕ್ಷೆ ಇತ್ತು. ಯಾವುದರ ಪರೀಕ್ಷೆ ಎಂದರೆ ನೀವು ನಗಬಹುದು, ರೋಗಿಯೊಡನೆ ಮಾತಾಡುವುದರದು. ನಿವೃತ್ತ ಮಾಸ್ತರರೊಬ್ಬರು ರೋಗಿಯಂತೆ ನಟಿಸುತ್ತ ಕೂತಿದ್ದರು. ನನ್ನ ಕೈಯಲ್ಲಿ ಅಂಕಗಳ ಪಟ್ಟಿ. ನಮಸ್ಕರಿಸಿದರೆ ಒಂದು ಅಂಕ, ತನ್ನ ಹೆಸರು ಹೇಳಿದರೆ ಇನ್ನೊಂದು. ದೇಗಾಂವದ ಹುಡುಗಿಯೊಬ್ಬಳು ಬಂದವಳೇ ಎರಡನ್ನೂ ಬಿಟ್ಟು, ಮೂಲೆಯಲ್ಲಿದ್ದ ತಂಬಿಗೆ ತುಂಬಿ ಮಾಸ್ತರರ ಕೈಗೆ ಕೊಟ್ಟಳು. ಅವರು ಕುಡಿದು ಮುಗಿಸುವ ತನಕ ನೋಡುತ್ತ ಕೂತಳು. ಪ್ರಶ್ನೆಗಳು ಅರ್ಧವೂ ಆಗಿರಲಿಲ್ಲ, ಹೊತ್ತು ಮುಗಿಯಿತು. ಪಟ್ಟಿಯ ಪ್ರಕಾರ ನಪಾಸು. ಬರೆಯಲು ಪೆನ್ನು ಎತ್ತಿದೆ, ಕಣ್ಣು ತಂಬಿಗೆಯ ಮೇಲೆ ಬಿತ್ತು, ಗಂಗಕ್ಕ ನೆನಪಾದರು.

ಸವದತ್ತಿ ಕಡೆಯ ಸಣ್ಣ ಆಸ್ಪತ್ರೆಯೊಂದಕ್ಕೆ ನಾನು ಹೊಸ ಡಾಕ್ಟರಾಗಿ ಹೋದಾಗ ಗಂಗಕ್ಕ ಅಲ್ಲಿಯ ಹಿರಿಯ ನರ್ಸು. ಯಾರೇ ಬರಲಿ, ನನ್ನೆದುರು ಕೂಡುವ ಮೊದಲು ಗಂಗಕ್ಕನ ಕೈಯಿಂದ ನೀರು ಕುಡಿಯಲೇಬೇಕು. ನನಗೋ ಸದಾ ಅವಸರ. "ಇದು ದವಾಖಾನಿನೋ, ಬೀಗರ ಮನಿನೋ?" ಎಂದು ಕೆಣಕಿದರೆ, "ಬಿಸಲಾಗ ಬಂದಿರತಾರ್ರಿ ಸಾಹೇಬ್ರ. ಗಂಟಲಾ ತೊಯ್ದ್ರ ಮಾತು ಬರತಾವ," ಎನ್ನುತ್ತಿದ್ದರು.

ಮಗಳ ಬಾಣಂತನಕ್ಕೆಂದು ಅವರು ರಜೆ ಹಾಕಿದ್ದೇ ತಡ, ನಾನು ನೀರಿನ ಪದ್ಧತಿ ನಿಲ್ಲಿಸಿದೆ. ಸಾಲು ಭರಭರನೆ ಸಾಗಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆ ದಿನಗಳಲ್ಲೇ ಉಗರಗೋಳದಿಂದ ಒಬ್ಬ ಹೆಣ್ಣುಮಗಳು ಬಂದಳು. ದೇವಿಯ ಗುಡ್ಡಕ್ಕೆ ಬರುವ ಭಕ್ತರಿಗೆ ಬಳೆ ಮಾರುವವಳು. ಊಟ ಸೇರುವುದಿಲ್ಲ ಎಂದಳು, ಗ್ಯಾಸಿನ ಗುಳಿಗೆ ಬರೆದೆ. ಮತ್ತೆ ಬಂದಳು, ಮತ್ತೆ ಬರೆದೆ. ಮೂರನೆಯ ಸಲ ಗುಳಿಗೆಗಳನ್ನು ಹಾಗೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಾಗ ಎಲ್ಲರೆದುರು ಗದರಿದೆ. ಅವಳು ತಲೆ ತಗ್ಗಿಸಿ ನಿಂತಳು. ಅಂದೇ ಕೆಲಸಕ್ಕೆ ಮರಳಿದ್ದ ಗಂಗಕ್ಕ ಅವಳನ್ನು ಕೂರಿಸಿ ತಂಬಿಗೆ ಕೊಟ್ಟರು. ಒಂದು ಗುಟುಕಿಗೇ ಅವಳು ಎದೆ ಹಿಡಿದುಕೊಂಡಳು, ಕಣ್ಣಲ್ಲಿ ನೀರು.

"ಎಷ್ಟ ದಿನಾ ಆತವ್ವಾ ಹಿಂಗ?"

"ಎರಡ ತಿಂಗಳಾತ್ರಿ ಅಕ್ಕಾರ. ರೊಟ್ಟಿ ಇಳಿಯೂದಿಲ್ಲ. ಹಾಲಾಗ ನೆನಿಸಿ ತಿನ್ನತೇನಿ. ಗುಳಿಗಿ ಹೆಂಗ ನುಂಗಲ್ರಿ?"

"ಡಾಕ್ಟರಿಗೆ ಯಾಕ ಹೇಳಲಿಲ್ಲಾ?"

"ಅವರು ಬರಿಯಾಕ ಹತ್ತಿದ್ರು. ನಡುವ ಹೆಂಗ ಬಾಯಿ ಹಾಕೂದ್ರಿ?"

ನಾನು ಪೆನ್ನು ಕೆಳಗಿಟ್ಟೆ. ಅವತ್ತೇ ಅವಳನ್ನು ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಕಳಿಸಿದೆವು. ಅನ್ನನಾಳದಲ್ಲಿ ಗಂಟು, ಇನ್ನಷ್ಟು ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದರು ಅಲ್ಲಿಯವರು. ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಳ ಮೇಲೆ ಅವಳು ಬಂದು, ಗಂಗಕ್ಕನ ತಂಬಿಗೆಯ ನೀರನ್ನು ನಿಧಾನವಾಗಿ, ಪೂರ್ತಿ ಕುಡಿದಳು. ಗಂಗಕ್ಕ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಇಷ್ಟು ವರ್ಷ ನೆನಪಿರುತ್ತಿತ್ತೋ ಇಲ್ಲವೋ. ನನ್ನ ಯಾವ ಪ್ರೊಫೆಸರರ ಮೇಲೂ ನನಗೆ ಅಷ್ಟು ಗೌರವ ಹುಟ್ಟಿಲ್ಲ. ಇಷ್ಟೆಲ್ಲ ಆಗಿಯೂ, ಅಂಕಗಳ ಪಟ್ಟಿ ನಾನೇ ಮಾಡಿದ್ದು ನೋಡಿ, ಅದರಲ್ಲಿ ನೀರಿಗೆ ಜಾಗವೇ ಇರಲಿಲ್ಲ.

ದೇಗಾಂವದ ಆ ಹುಡುಗಿಯನ್ನು ಕರೆದು, ನೀರು ಕೊಡಲು ಯಾರು ಕಲಿಸಿದರು ಎಂದು ಕೇಳಿದೆ.

"ಯಾರೂ ಕಲಿಸಿಲ್ರಿ ಸರ್. ಮನಿಗೆ ಯಾರ ಬಂದ್ರೂ ಕೊಡತೇವಲ್ರಿ," ಎಂದಳು. "ನಾ ನಪಾಸ್ ಏನ್ರಿ?"

ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಎದ್ದು ಹೋಗಿ ತಂಬಿಗೆ ತುಂಬಿ ತಂದು ಅವಳ ಮುಂದೆ ಹಿಡಿದೆ.

"ಕುಂಡ್ರವಾ. ಮೊದಲ ನೀರ ಕುಡಿ."