ಅಣ್ಣನ ಡೈಲಾಗು, ನನ್ನ ಸೈನು

ಗಾವಡಗೆರೆ ಹತ್ತಿರದ ನಮ್ಮೂರಲ್ಲಿ ಹೆಣ್ಣಿನ ಹಕ್ಕಿನ ನಾಟಕ ಆಡಿದರು. ಮಹಾರಾಜರ ಕಾಲದ ಕಥೆ: ಗಂಡ ಸತ್ತ ಹೆಣ್ಣೊಬ್ಬಳು ತವರಲ್ಲಿ ಪಾಲು ಕೇಳುತ್ತಾಳೆ, ಊರೆಲ್ಲ ಉಗಿಯುತ್ತದೆ, ಒಬ್ಬ ವಕೀಲ ಮಾತ್ರ ಅವಳ ಪರ ನಿಲ್ಲುತ್ತಾನೆ. ಬರೆದು ಕಲಿಸಿದವರು ಹಾರ್ಮೋನಿಯಂ ಮೇಷ್ಟ್ರು. ವಕೀಲನ ಪಾರ್ಟು ನಮ್ಮಣ್ಣನದು. ಆ ಹೆಣ್ಣಿನ ಪಾರ್ಟಿಗೆ ಮೈಸೂರಿನಿಂದ ನಟಿಯನ್ನು ಕರೆಸಿದರು. ನಮ್ಮೂರ ಹೆಂಗಸರು ಬಣ್ಣ ಹಚ್ಚಿದರೆ ಊರಿನ ಮರ್ಯಾದೆ ಏನಾಗಬೇಕು ಹೇಳಿ!

ನನಗೂ ಒಂದು ಜಾಗ ಸಿಕ್ಕಿತು, ಪರದೆಯ ಮರೆಯಲ್ಲಿ. ಅಣ್ಣನಿಗೆ ಹೊಗೆಸೊಪ್ಪಿನ ದರ ಬಾಯಿಪಾಠ, ಡೈಲಾಗು ಮಾತ್ರ ತಲೆಗೆ ಹತ್ತದು. "ನೀನು ಸ್ಕೂಲಲ್ಲಿ ಪಾಠ ಮಾಡ್ದೋಳು, ಸೈಡಿಂದ ಹೇಳ್ಕೊಡಮ್ಮಿ" ಎಂದ.

ನಾಟಕದ ದಿನ ಕರಿಕೋಟು ತೊಟ್ಟು ನಿಂತವನು ಮಾತು ಮರೆತಾಗಲೆಲ್ಲ ಕೆಮ್ಮುತ್ತಾ ನನ್ನ ಕಡೆ ಸರಿಯುತ್ತಿದ್ದ. "ಒಡಹುಟ್ಟಿದವಳಿಗೆ ಸೀರೆ ಕೊಟ್ಟು ನೆಲ ಕಿತ್ತುಕೊಳ್ಳುವವನು ಅಣ್ಣನಲ್ಲ, ಕಳ್ಳ!" ನಾನು ಪಿಸುಗುಟ್ಟಿದೆ, ಅವನು ಗುಡುಗಿದ. ಶಿಳ್ಳೆಯೋ ಶಿಳ್ಳೆ. ಜನ ಒನ್ಸ್ ಮೋರ್ ಎಂದು ಕೂಗಿದರು. ಅಷ್ಟರಲ್ಲಿ ಅವನಿಗೆ ಅದೂ ಮರೆತುಹೋಗಿತ್ತು, ನಾನು ಮತ್ತೆ ಹೇಳಿಕೊಟ್ಟೆ.

ಆ ವಾರವೇ ಮನೆಗೆ ಕರೆಸಿದ. ಬಾಡೂಟ ಹಾಕಿದರು. ಅತ್ತಿಗೆ ಸೀರೆ ಕೊಟ್ಟಳು, ಜೊತೆಗೆ ಅರಿಶಿನ ಕುಂಕುಮ. ನನ್ನ ಗಂಡ ಹೋದ ಮೇಲೆ ಆ ಮನೆಯಲ್ಲಿ ಯಾರೂ ನನಗೆ ಕುಂಕುಮ ಕೊಟ್ಟಿರಲಿಲ್ಲ. ಅಕ್ಕತಂಗಿಯರಿಂದ ಅವರ ಪಾಲು ಬರೆಸಿಕೊಳ್ಳುವ ದಿನ ನಮ್ಮ ಕಡೆ ಶಾಸ್ತ್ರ ಬಹಳ ಸಡಿಲ. ಊಟ ಮುಗಿದರೆ ನೇರ ಹುಣಸೂರಿನ ರಿಜಿಸ್ಟ್ರಾರ್ ಆಫೀಸು.

"ಬರೀ ಒಂದು ಸೈನು ಕಣಮ್ಮಿ. ನಿಂಗೆ ತವರು ಬೇಕೋ ಬ್ಯಾಡ್ವೋ?" ಎಂದ ಅಣ್ಣ.

ಬೇಕಿತ್ತು. ಅಪ್ಪನ ಹೊಲದ ಮೂಲೆಯಲ್ಲಿ ಒಂದು ಸೂರೂ ಬೇಕಿತ್ತು. ಬಾಡಿಗೆ ಮನೆಯಲ್ಲಿ ಮುದುಕಿಯಾಗಿ ಸಾಯುವುದಕ್ಕೆ ನನಗೆ ಭಯ.

ಆಫೀಸಿನಲ್ಲಿ ಸಾಹೇಬರು, "ಸ್ವಂತ ಇಷ್ಟದಿಂದ ಪಾಲು ಬಿಟ್ಟುಕೊಡ್ತಿದ್ದೀರೇನಮ್ಮ?" ಎಂದು ಕೇಳಿದರು. ನಾನು ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ನಿಂತೆ. ಅಣ್ಣ ಕೆಮ್ಮುತ್ತಾ ನನ್ನ ಪಕ್ಕಕ್ಕೆ ಸರಿದ. "ಊಂ ಅನ್ನಮ್ಮಿ, ಊಂ ಅನ್ನು" ಎಂದು ಪಿಸುಗುಟ್ಟಿದ. ಅಯ್ಯೋ ಶಿವನೇ, ಈಗ ಇವನು ನನಗೆ ಹೇಳಿಕೊಡುತ್ತಿದ್ದಾನಲ್ಲ! ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಇಲ್ಲ ಸಾರ್. ನಂಗೆ ಇಷ್ಟ ಇಲ್ಲ" ಎಂದೆ.

ಹಿಂತಿರುಗುವಾಗ ಜೀಪಿನಲ್ಲಿ ಅಣ್ಣ ಆಡಿದ್ದು ಒಂದೇ ಮಾತು: "ಈ ಸಾಮಾಜಿಕ ನಾಟಕನೇ ಆಡ್ಬಾರ್ದು. ಮುಂದಿನ್ ಸಲ ಪೌರಾಣಿಕನೇ ಸೈ."

ಮನೆಗೆ ಬಂದು ಸೀರೆಯನ್ನು ಅತ್ತಿಗೆಯ ಮುಂದೆ ಇಟ್ಟೆ. ಅವಳು ಅಣ್ಣ ಇದ್ದ ಕಡೆ ಒಮ್ಮೆ ನೋಡಿ, ಅದನ್ನು ನನ್ನ ಕೈಗೇ ತುರುಕಿದಳು.

"ಮಡೀಕೊ ಕಣವ್ವ" ಎಂದಳು ಮೆಲ್ಲಗೆ. "ಇಂತದೇ ಸೀರೆಗೆ ನಾನೂ ನಮ್ಮಣ್ಣಂಗೆ ಸೈನ್ ಹಾಕ್ಕೊಟ್ಟಿದ್ದೆ. ಎಲ್ಡೇ ಒಗೆತಕ್ಕೆ ಬಣ್ಣ ಬುಟ್ಕೊಂಡ್ಬುಡ್ತು."